ಭವನದ ಎರಡು ಹಳೇ ಕಂಪ್ಯೂಟರು



ನಮ್ಮೂರ ಅಂಬೇಡ್ಕರ್ ಭವನದಲ್ಲಿ ಎರಡು ಕಂಪ್ಯೂಟರ್ ಇವೆ. ಎರಡೂ ಯಾರೋ ಬಳಸಿ ಬಿಟ್ಟು ಕೊಟ್ಟವು. ಕೇರಿಯ ಮಕ್ಕಳು ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ಹಾಕೋದು ಇವುಗಳಲ್ಲೇ. ಸೈಬರ್ ಸೆಂಟರಿಗೆ ಹೋದ್ರೆ ಅರ್ಜಿಗಿಷ್ಟು ಅಂತ ಕೊಡಬೇಕು, ತಪ್ಪಾದ್ರೆ ತಿದ್ದೋಕೆ ಮತ್ತೊಂದಿಷ್ಟು.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ನಮಗೆ ಅಕ್ಟೋಬರ್ 14 ಅಂದ್ರೆ 1956ರ ನಾಗಪುರ, ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬುದ್ಧನ ದಾರಿ ಹಿಡಿದ ದಿನ. ಹಾಗಾಗಿ ತಾರೀಕು ಮರೆಯೋ ಮಾತೇ ಇರಲಿಲ್ಲ.

ಬೆಂಬಲ ನಿಂತ ಮಾತ್ರಕ್ಕೆ ಕಂಪ್ಯೂಟರ್ ನಿಲ್ಲಲ್ಲ. ನಿಲ್ಲೋದು ಭದ್ರತೆಯ ಅಪ್‌ಡೇಟು. ಆದ್ರೆ ನಮ್ಮ ಕಂಪ್ಯೂಟರಲ್ಲಿ ಮಕ್ಕಳ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲ ಸ್ಕ್ಯಾನ್ ಆಗಿ ಕೂತಿವೆ. ಹೆಂಗೋ ನಡೀಲಿ ಅಂತ ಬಿಡೋ ಹಾಗಿಲ್ಲ.

ತಾಲೂಕಿನ ಅಂಗಡಿಯವರು ಎರಡನ್ನೂ ಒಂದು ಸಲ ಆನ್ ಮಾಡಿ ನೋಡಿದ್ರು. "ಇವು ಹನ್ನೊಂದಕ್ಕೆ ಯೋಗ್ಯ ಇಲ್ಲ ಸಾರ್, ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂದ್ರು. ಯೋಗ್ಯ ಇಲ್ಲ ಅನ್ನೋ ಮಾತು ಕೇಳಿ ಕೇಳಿ ಬೆಳೆದವನು ನಾನು. ಯಾಕೆ ಅಂತ ಕೇಳದೆ ಒಪ್ಪೋ ಅಭ್ಯಾಸ ಇಲ್ಲ. ವಾಪಸ್ ತಂದೆ.

ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಅನ್ನೋ ಉಚಿತ ತಂತ್ರಾಂಶ ಇದೆ. ಬಿಕಾಂ ಓದೋ ನಮ್ಮ ಹುಡುಗಿ ಅದನ್ನ ಹಾಕಿ ನೋಡಿದಳು. ಎರಡಕ್ಕೂ ಆಗಲ್ಲ ಅಂತಲೇ ಬಂತು. ಆದ್ರೆ ಕೆಳಗೆ ಕಾರಣ ಕೊಟ್ಟಿರುತ್ತೆ, ಜನ ಅಲ್ಲೀವರೆಗೆ ಓದಲ್ಲ.

ಮೊದಲನೇದು ನಾಲ್ಕನೇ ತಲೆಮಾರಿನ ಐ3. ಇಂಟೆಲ್ ಆದ್ರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದು ಬೇಕು. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇದ್ರೂ ಪ್ರೊಸೆಸರ್ ಪಟ್ಟಿಯಲ್ಲಿಲ್ಲ.

ಎರಡನೇದು ಎಂಟನೇ ತಲೆಮಾರಿನ ಐ5. ಅದಕ್ಕೆ ತೋರಿಸಿದ್ದು ಎರಡೇ ಕೊರತೆ: ಸೆಕ್ಯೂರ್ ಬೂಟ್, ಮತ್ತೆ ಟಿಪಿಎಂ 2.0. ಟಿಪಿಎಂ ಅಂದ್ರೆ ಗುಪ್ತ ಕೀಲಿಗಳನ್ನ ಬೇರೆಯಾಗಿ ಜೋಪಾನ ಮಾಡೋ ವ್ಯವಸ್ಥೆ. ಅದು ಇರಬೇಕು, *ಆನ್ ಕೂಡ ಆಗಿರಬೇಕು* ಅಂತ ಬರೆದಿತ್ತು. ಹುಡುಗಿ ಆ ಎರಡನೇ ಮಾತಿಗೇ ನಿಂತಳು. "ಅಣ್ಣಾ, ಇದ್ದೂ ಆಫ್ ಆಗಿದ್ರೆ?" ಅಂದಳು.

ಬಯಾಸ್ ಒಳಗೆ ಹೋಗಿ ನೋಡಿದ್ರೆ ಇಂಟೆಲ್ ಪಿಟಿಟಿ ಅಂತ ಇತ್ತು, ಪ್ರೊಸೆಸರ್ ಜತೆಗೇ ಬರೋ ಟಿಪಿಎಂ ಅದು. ಇಷ್ಟು ವರ್ಷ ಆಫ್ ಆಗೇ ಇತ್ತು! ಬೂಟ್ ಕೂಡ ಹಳೇ ಲೆಗಸಿ ಪದ್ಧತಿಯಲ್ಲಿತ್ತು. ಎಲ್ಲ ಫೈಲನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಎಂಬಿಆರ್‌ಟುಜಿಪಿಟಿ ಅನ್ನೋ ವಿಂಡೋಸಿನದೇ ಸಾಧನದಿಂದ ಡಿಸ್ಕನ್ನ ಜಿಪಿಟಿಗೆ ಬದಲಿಸಿ, ಯುಇಎಫ್‌ಐಗೆ ತಂದು, ಪಿಟಿಟಿ, ಸೆಕ್ಯೂರ್ ಬೂಟ್ ಎರಡನ್ನೂ ಆನ್ ಮಾಡಿದ್ವಿ. ನಕಲು ಮಾಡದೆ ಇದಕ್ಕೆ ಕೈ ಹಾಕಬೇಡಿ. ಮತ್ತೆ ಚೆಕ್ ಮಾಡಿದ್ರೆ ಹಸಿರು ಗುರುತು. ವಿಂಡೋಸ್ 11 ಪುಕ್ಕಟೆಯಾಗೇ ಬಂತು.

ಐ3ಗೆ ಅಡ್ಡದಾರಿಯಲ್ಲಿ 11 ಹಾಕೋ ವಿಡಿಯೋಗಳಿವೆ. ಅಂಥ ಕಂಪ್ಯೂಟರಿಗೆ ಅಪ್‌ಡೇಟಿನ ಖಾತ್ರಿ ಇಲ್ಲ ಅಂತ ಕಂಪನಿಯೇ ಹೇಳುತ್ತೆ, ನಮಗೆ ಬೇಕಾಗಿದ್ದೇ ಅಪ್‌ಡೇಟು. 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಬಹುದು. ನಾವು ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದ್ವಿ. ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೂ ಇದೆ, ಮಕ್ಕಳು ಒಂದೇ ದಿನಕ್ಕೆ ಒಗ್ಗಿಕೊಂಡರು.

ತೊಡಕಾಗಿದ್ದು ಬೇರೆ. ಹಳೇ ನುಡಿ ಫಾಂಟಲ್ಲಿದ್ದ ನಮ್ಮ ಕರಪತ್ರಗಳು, ಡೀಸಿಗೆ ಕೊಟ್ಟ ಭೂಮಿ ಮನವಿಗಳು ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ. ಯೂನಿಕೋಡಿಗೆ ಬದಲಿಸಿದ್ರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವಟ್ಟಾಗಿವೆ. ಒಂದೊಂದನ್ನೇ ಓದಿ ತಿದ್ದಬೇಕು.

ನಿಮ್ಮೂರ ಭವನದಲ್ಲೂ ಹಳೇ ಕಂಪ್ಯೂಟರ್ ಇದ್ರೆ ಗುಜರಿಗೆ ಕೊಡೋ ಮುಂಚೆ ಆ ಕಾರಣದ ಸಾಲು ಓದಿ, ಫೋಟೋ ತೆಗೆದು ಇನ್‌ಬಾಕ್ಸಿಗೆ ಹಾಕಿ, ಹುಡುಗಿ ನೋಡಿ ಹೇಳ್ತಾಳೆ. ಕರಡು ತಿದ್ದೋಕೆ ಬರೋರು ಭಾನುವಾರ ಭವನಕ್ಕೆ ಬನ್ನಿ. ಟೀ ಇರುತ್ತೆ.