ಅಪ್ಪನ ಪಾದದ ಮೇಲೆ ಮಲಗುವ ಕರಿಯ

ನಮ್ಮ ಮನೆ ನಾಯಿ ಕರಿಯನಿಗೆ ಮಲಗಲು ಜಾಗಕ್ಕೇನೂ ಕಮ್ಮಿಯಿಲ್ಲ. ಜಗಲಿಯಿದೆ, ಕೊಟ್ಟಿಗೆಯಿದೆ, ಹುಲ್ಲಿನ ಮೆದೆಯಿದೆ. ಅವನಿಗೆಂದೇ ಹಾಸಿದ ಗೋಣಿಚೀಲವೂ ಇದೆ. ಆದರೆ ಅವನು ಮಲಗುವುದು ಅಪ್ಪನ ಪಾದದ ಮೇಲೆ.

ಸಂಜೆ ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು, ಎಲ್ಲಿದ್ದರೂ ಬರುತ್ತಾನೆ. ಎರಡು ಸುತ್ತು ಸುತ್ತಿ, ಪಾದಕ್ಕೆ ಬೆನ್ನು ಒತ್ತಿ ಧೊಪ್ಪನೆ ಬೀಳುತ್ತಾನೆ. ಅವ್ವ ಬೈಯುತ್ತಾಳೆ: "ಇವತ್ತು ಕಾಲ್ ಮೇಲೆ, ನಾಳೆ ತಲೆ ಮೇಲೆ." ಅಪ್ಪನ ಉತ್ತರ ಒಂದೇ: "ಬುಡಮ್ಮಿ, ಅದ್ಕೆ ಚಳಿ."

ಅಪ್ಪನ ಮಾತಿನಲ್ಲಿ ನಿಜವಿದೆ. ನಾಯಿಮರಿ ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಕಿವಿ ಕೇಳಿಸುವುದಿಲ್ಲ. ಮೊದಲ ಎರಡು ವಾರ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ. ಅದಕ್ಕೇ ಮರಿಗಳು ಒಂದರ ಮೇಲೊಂದು ಬಿದ್ದು ಮಲಗುವುದು. ಮೈಗೆ ಮೈ ತಾಗಿದ್ದರೆ ಜೀವ ಉಳಿಯುತ್ತದೆ ಅನ್ನುವುದು ನಾಯಿ ಕಣ್ಣು ಬಿಡುವ ಮೊದಲೇ ಕಲಿಯುವ ಪಾಠ.

ಆದರೆ ಬರೀ ಚಳಿ ಅನ್ನುವಂತಿಲ್ಲ. ನಮ್ಮ ಮೈ ಬಿಸಿ 98 ಡಿಗ್ರಿಯ ಆಸುಪಾಸು ಇದ್ದರೆ ನಾಯಿಯದು 101ರಿಂದ 102 ಡಿಗ್ರಿ. ಏಪ್ರಿಲ್ ಬಿಸಿಲಲ್ಲೂ ಕರಿಯ ಅಲ್ಲೇ ಬಂದು ಬೀಳುತ್ತಾನೆ. ನಾಯಿ ಮೂಗಿನಿಂದ ಬದುಕುವ ಪ್ರಾಣಿ. ಪಾದದಲ್ಲಿ ಬೆವರು ಜಾಸ್ತಿ, ಮನೆಯವರ ವಾಸನೆ ಅಲ್ಲಿ ಚೆನ್ನಾಗಿ ಸಿಗುತ್ತದೆ. ಇನ್ನೊಂದು, ನಿದ್ದೆ ಹೋದ ಪ್ರಾಣಿ ಕಾವಲು ಕಾಯಲಾರದು. ನಂಬಿದವರ ಮೈಗೆ ತಾಗಿ ಮಲಗಿದರೆ, ಅವರು ಎದ್ದ ತಕ್ಷಣ ಅದಕ್ಕೂ ಎಚ್ಚರವಾಗುತ್ತದೆ. ಜೊತೆಗೆ, ಬಂದಾಗಲೆಲ್ಲ ನಾವು ತಲೆ ಸವರುತ್ತೇವಲ್ಲ, ಅದನ್ನೂ ಕಲಿತುಕೊಂಡಿರುತ್ತದೆ.

ನಾಯಿ ಮತ್ತು ಸಾಕಿದವರು ಒಬ್ಬರನ್ನೊಬ್ಬರು ತುಂಬ ಹೊತ್ತು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ಬರೆದರು. ತಾಯಿ ಮಗುವಿಗೆ ಹಾಲೂಡಿಸುವಾಗ ಏರುವುದೂ ಇದೇ ಹಾರ್ಮೋನು.

ಇದನ್ನೆಲ್ಲ ನಾನು ಓದಿಕೊಂಡಿದ್ದು ಹೋದ ವರ್ಷ, ಕರಿಯನನ್ನು ಮನೆಯಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವ ಜಗಳ ಎದ್ದಾಗ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಪಾದಗಳಲ್ಲಿ ಸ್ಪರ್ಶ ಹೋಗಿದೆ. ಚಪ್ಪಲಿ ಕಳಚಿಕೊಂಡಿದ್ದೂ ತಿಳಿಯದೆ ನಡೆದುಬಿಡುತ್ತಾರೆ. ಭತ್ತದ ಕೊಯ್ಲಿನ ಹೊತ್ತು, ಕರಿಯ ಪಾದದ ಮೇಲೆ ಮಲಗುವ ಬದಲು ಎಡ ಅಂಗಾಲು ನೆಕ್ಕಲು ಶುರುಮಾಡಿದ. ನಾನು ಎದುರಿಗೇ ಕೂತು ಮೊಬೈಲಿನಲ್ಲಿ ಸುದ್ದಿ ಟೈಪ್ ಮಾಡುತ್ತಿದ್ದೆ. ನೋಡಿಯೂ ನೋಡದಂತಿದ್ದೆ. ಅಪ್ಪ ನಗುತ್ತಿದ್ದರು: "ನೆಕ್ಲಿ ಬುಡ್ಲಾ, ನಾಯಿ ನಾಲ್ಗೆ ಔಸ್ದಿ."

ನಾಲ್ಕನೇ ರಾತ್ರಿ ಯಾಕೋ ಟಾರ್ಚ್ ಬಿಟ್ಟು ನೋಡಿದೆ. ಹೆಬ್ಬೆರಳ ಕೆಳಗೆ ರೂಪಾಯಿ ನಾಣ್ಯದಗಲ ಗಾಯ. ಒಳಗೆ ಮುರಿದ ಜಾಲಿ ಮುಳ್ಳು. ಅಪ್ಪನಿಗೆ ನೋವೇ ಇರಲಿಲ್ಲ.

ಕರಿಯ ಕಾಯಿಲೆ ಕಂಡುಹಿಡಿದ ಎಂದು ಊರಲ್ಲಿ ಮಾತಾಯಿತು. ಹಾಗೆ ಬರೆಯಲು ನನಗೂ ಆಸೆಯೇ. ಆದರೆ ಗಾಯದ ವಾಸನೆಗೆ, ಉಪ್ಪಿನ ರುಚಿಗೆ ನಾಯಿ ನೆಕ್ಕುತ್ತದೆ. ಅವನು ನೆಕ್ಕಿದ್ದರಿಂದ ನನ್ನ ಕಣ್ಣು ಅತ್ತ ಹೋಯಿತು, ನಿಜ. ನಾಯಿಯ ಬಾಯಲ್ಲಿರುವ ರೋಗಾಣುಗಳು ತೆರೆದ ಗಾಯಕ್ಕೆ ಸೇರುತ್ತವೆ, ಅದೂ ನಿಜ.

ಆಸ್ಪತ್ರೆಯಲ್ಲಿ ಡಾಕ್ಟರ್ ಎರಡು ಪ್ರಶ್ನೆ ಕೇಳಿದರು. "ಶುಗರ್ ಯಾವಾಗ ಚೆಕ್ ಮಾಡಿಸಿದ್ರಿ? ನಾಯಿಗೆ ರೇಬಿಸ್ ಲಸಿಕೆ ಆಗಿದೆಯಾ?"

ಎರಡನೆಯದಕ್ಕೆ ನಾನು ತಲೆ ತಗ್ಗಿಸಿದೆ. ನಾಯಿ ಕಡಿತದ ಸುದ್ದಿಗಳನ್ನು ಎಷ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. 'ಸಾಕು ನಾಯಿಗಳಿಗೆ ತಪ್ಪದೇ ಲಸಿಕೆ ಹಾಕಿಸಬೇಕು' ಎಂದೇ ಮುಗಿಸುತ್ತಿದ್ದೆ. ನಮ್ಮ ಕರಿಯನಿಗೆ ಒಂದೂ ಆಗಿರಲಿಲ್ಲ.

ತೆರೆದ ಗಾಯವನ್ನು ನಾಯಿ ನೆಕ್ಕಿದರೂ ರೇಬಿಸ್ ವಿಷಯದಲ್ಲಿ ಅದು ಕಚ್ಚಿದಷ್ಟೇ ಲೆಕ್ಕವಂತೆ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕಿತ್ತು. ಅಪ್ಪನಿಗೆ ಇಂಜೆಕ್ಷನ್ ಶುರುವಾಯಿತು. ಗಾಯದ ಸುತ್ತ ಸೀರಂ ಹಾಕಿದರು. "ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಬೆರಳೇ ತೆಗೀಬೇಕಾಗ್ತಿತ್ತು" ಅಂದರು. ನಾಯಿಯನ್ನು ಎಲ್ಲಿಗೂ ಬಿಡದೆ 10 ದಿನ ಅದರ ಮೇಲೆ ಕಣ್ಣಿಡಿ ಎಂದೂ ಹೇಳಿದರು.

ಅವ್ವ ಆ ಹತ್ತು ದಿನವನ್ನು ಬೆರಳೆಣಿಸುತ್ತಾ ಕಾದಳು. ಕರಿಯನಿಗೆ ಏನೂ ಆಗಲಿಲ್ಲ. ಹನ್ನೊಂದನೇ ದಿನ, "ಯಾರ್ಗಾದ್ರೂ ಕೊಟ್ಬುಡು, ತೋಟದ್ ಮನೇರು ಕೇಳ್ತಾವ್ರೆ" ಅಂದಳು. ನನಗೂ ಸರಿಯೆನಿಸಿತು.

ಅಪ್ಪ ತಡೆದು ಹೇಳಿದರು: "ಆತಕೂರಲ್ಲಿ ನಾಯ್ಗೆ ಕಲ್ಲೇ ನಿಲ್ಸವ್ರೆ. ನೀವು ಜಗ್ಲೀಲಿ ಜಾಗ ಕೊಡಾಕಿಲ್ಲ ಅಂತೀರಾ?"

ಆತಕೂರು ನಮ್ಮ ಮದ್ದೂರು ತಾಲ್ಲೂಕಿನದೇ. ಕ್ರಿ.ಶ. 950ರ ಸುಮಾರಿನ ಅಲ್ಲಿಯ ಶಾಸನದಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆಯಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

"ಕಾಳಿ ಹಂದಿ ಹೊಡೀತು. ನಮ್ಮ ಕರಿಯ ಒಂದು ಹೆಗ್ಗಣನೂ ಹಿಡಿದಿಲ್ಲ" ಅಂದೆ.

"ಹಿಡ್ದಿಲ್ಲ. ರಾತ್ರಿ ನಿದ್ದೆ ಬರ್ದೆ ಕೂತಿರ್ತೀನಲ್ಲ, ಅವಾಗ ಜೊತ್ಗೆ ಇರೋನು ಅವ್ನೊಬ್ನೆ ಕಣ್ಲಾ. ನೀನು ಇಲ್ಲೇ ಇರ್ತೀಯ, ಪೋನ್ ನೋಡ್ತಿರ್ತೀಯ. ಪಾದುಕ್ಕೆ ಅವ್ನ ಭಾರ ತಿಳಿಯಾಕಿಲ್ಲ. ಮಂಡಿಗೆ ತಿಳೀತದೆ."

ನನ್ನ ಬಳಿ ಉತ್ತರವಿರಲಿಲ್ಲ. ಕರಿಯ ಉಳಿದ.

ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿದೆ. ಗಾಯ ಮಾಯುವವರೆಗೆ ಅಪ್ಪನ ಕುರ್ಚಿಯಿಂದ ಎರಡು ಮಾರು ದೂರದ ಕಂಬಕ್ಕೆ ಕಟ್ಟಿದೆವು. ಮೂರು ರಾತ್ರಿ ಕುಂಯ್‌ಗುಟ್ಟಿದ. ನಾಲ್ಕನೇ ರಾತ್ರಿ ಅವ್ವನೇ ಅಪ್ಪನ ಹಳೇ ಚಪ್ಪಲಿ ತಂದು ಅವನ ಮುಂದೆ ಎಸೆದಳು. ಅದರ ಮೇಲೆ ಮೂತಿ ಇಟ್ಟು ಸುಮ್ಮನಾದ.

ನಿಮ್ಮ ಮನೆಯಲ್ಲೂ ನಾಯಿ ಕಾಲ ಮೇಲೆ, ತೊಡೆಯ ಮೇಲೆ ಬಂದು ಮಲಗುತ್ತಿದ್ದರೆ ಓಡಿಸಬೇಡಿ. ಆದರೆ ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ಡೋಸ್ ಯಾವಾಗ ಎಂದು ಪಶುವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಉಣ್ಣೆ ತೆಗೆಯಿರಿ. ಹಸುಗೂಸಿನ ಪಕ್ಕ ಮಲಗಿಸಬೇಡಿ. ಗಾಯ ನೆಕ್ಕಲು ಬಿಡಬೇಡಿ. ದಿನವೂ ಬಂದು ಒರಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ದೂರ ಹೋದರೆ ಅದಕ್ಕೆಲ್ಲೋ ನೋವಿರಬಹುದು, ತೋರಿಸಿ.

ಅಪ್ಪನ ಗಾಯ ಈಗ ಮಾಗಿದೆ. ರಾತ್ರಿ ಊಟವಾದ ಮೇಲೆ ಫೋನ್ ಒಳಗಿಟ್ಟು ಟಾರ್ಚ್ ಹಿಡಿದು ಅವರ ಎರಡೂ ಅಂಗಾಲು ನೋಡುತ್ತೇನೆ. ಕರಿಯನನ್ನು ಆಚೆ ತಳ್ಳಬೇಕಾಗುತ್ತದೆ. ನೋಡಿ ಮುಗಿಸಿ ಸಾಕ್ಸ್ ಹಾಕುವುದನ್ನೇ ಕಾಯುತ್ತಿರುತ್ತಾನೆ. ಎರಡು ಸುತ್ತು ಸುತ್ತಿ, ಮತ್ತೆ ಅಲ್ಲೇ ಬೀಳುತ್ತಾನೆ.