ಮೂರಿಂಚಿನ ಅಲಗು

ಲಂಡನ್ನಿನ ಬುಷಿ ಪಾರ್ಕಿನಲ್ಲಿ ನಮ್ಮ ಕನ್ನಡ ಬಳಗದ ಬುತ್ತಿಯೂಟ. ಕೋಸಂಬರಿಗೆ ಬೇಳೆ ನೆನೆದಿತ್ತು, ಸೌತೆಕಾಯಿ ಹೆಚ್ಚುವುದೊಂದು ಬಾಕಿ. ಬೆಂಗಳೂರಿನಿಂದ ಬಂದು ಇನ್ನೂ ವರ್ಷವಾಗದ ಹುಡುಗನೊಬ್ಬ “ಕೊಡಿ ಸಾರ್, ನಾನು ಹೆಚ್ತೀನಿ” ಎಂದು ಮಡಿಸುವ ಚಾಕು ತೆಗೆದ. ಹೊಸದು, ದೊಡ್ಡದು, ಅಲಗಿಗೆಲ್ಲ ಕಪ್ಪು ಲೇಪ. ಬೆನ್ನಿನ ದಪ್ಪ ನಾಲ್ಕು ಮಿಲಿಮೀಟರಿಗೆ ಕಡಿಮೆಯಿಲ್ಲ. ಸೌತೆಕಾಯಿಯ ಮೇಲಿಟ್ಟು ಒತ್ತಿದ. ಅಲಗು ಅರ್ಧ ಇಳಿದು ಅಲ್ಲೇ ಬೆಣೆಯಾಗಿ ಸಿಕ್ಕಿಕೊಂಡಿತು. ಇನ್ನಷ್ಟು ಒತ್ತಿದ್ದೇ ಟಕ್ಕೆಂದು ಕಾಯಿ ಸೀಳಿ, ತುಂಡು ಹುಲ್ಲಿಗೆ ಹಾರಿತು. ಉಕ್ಕಿನ ಹೆಸರೇನು ಎಂದರೆ ಥಟ್ಟನೆ ಹೇಳಿದ, ಗಡಸುತನದ ಅಂಕಿಯನ್ನೂ ಹೇಳಿದ. ದಪ್ಪ ಎಷ್ಟು ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ.

ಚಾಕುವಿನ ಹುಚ್ಚಿರುವ ಮುಕ್ಕಾಲು ಪಾಲು ಜನರೊಂದಿಗೆ ನನ್ನ ಜಗಳ ಇದೇ. ಉಕ್ಕಿನ ಕುಲಗೋತ್ರ ವಿಚಾರಿಸುತ್ತಾರೆ, ಅಲಗು ಎಷ್ಟು ತೆಳ್ಳಗಿದೆ ಎಂದು ನೋಡುವುದಿಲ್ಲ. ಕೊಯ್ಯುವುದು ತೆಳುವು. ಉಕ್ಕು ಆ ಹರಿತವನ್ನು ಎಷ್ಟು ದಿನ ಉಳಿಸಿಕೊಳ್ಳುತ್ತದೆ ಎಂಬುದು ಆಮೇಲಿನ ಮಾತು. ನಮ್ಮ ಮಲೆನಾಡಿನ ಮನೆಯಲ್ಲಿ ಹೊಸ ಈಳಿಗೆಮಣೆ ಬಂದ ಮೇಲೂ ಬಾಳೆಕಾಯಿ ಚಿಪ್ಸಿಗೆ ಅಜ್ಜಿ ಹಳೆಯದನ್ನೇ ಎಳೆದುಕೊಳ್ಳುತ್ತಿದ್ದರು. ವರ್ಷಗಟ್ಟಲೆ ಮಸೆದು ಅದರ ಅಲಗು ಸವೆದಿತ್ತು, ಅಗಲ ಅರ್ಧಕ್ಕಿಳಿದಿತ್ತು. ಅದರ ಉಕ್ಕು ಯಾವುದೆಂದು ಕೊಟ್ಟ ಕಮ್ಮಾರನಿಗೂ ನೆನಪಿದ್ದಿರಲಾರದು. ಬಾಳೆಕಾಯಿ ಮಾತ್ರ ಬೆಳಕು ತೂರುವಷ್ಟು ತೆಳ್ಳಗೆ ಬೀಳುತ್ತಿತ್ತು.

ದೊಡ್ಡದಿರಬೇಕು, ಹಗುರವಿರಬೇಕು, ದುಡ್ಡು ಕಡಿಮೆಯಿರಬೇಕು. ಚಾಕು ಹುಡುಕುವವರು ಕೇಳುವುದು ಈ ಮೂರನ್ನೇ, ಮೂರಕ್ಕೂ ಉತ್ತರ ತೆಳುವಿನಲ್ಲೇ ಇದೆ. ಭಾರ ಅಲಗಿನದ್ದಷ್ಟೇ ಅಲ್ಲ. ಹಿಡಿಯ ಒಳಗೆ ಎರಡೂ ಬದಿಗೆ ಕೂಡಿಸಿದ ಉಕ್ಕಿನ ತಗಡುಗಳದ್ದೂ ಹೌದು. ಉಕ್ಕಿನ ಸಾಂದ್ರತೆ ನೀರಿನ ಎಂಟು ಪಟ್ಟಿಗೆ ಹತ್ತಿರ, ಅಲ್ಯೂಮಿನಿಯಂ ಮೂರು ಪಟ್ಟೂ ಇಲ್ಲ, ಬೀಚ್ ಮರವಂತೂ ನೀರಿನ ಮೇಲೆ ತೇಲುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ್ದು ಇಷ್ಟೇ: ಬೀಚ್ ಮರದ ಹಿಡಿ, ಅದರಲ್ಲೊಂದು ಸೀಳು, ಅದರೊಳಗೆ ಮಡಿಸಿಕೊಳ್ಳುವ ಅಲಗು. ತಗಡೂ ಇಲ್ಲ, ಸ್ಪ್ರಿಂಗೂ ಇಲ್ಲ. ಅವರ 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದ, ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ, ಇಡೀ ಚಾಕುವಿನ ತೂಕ ಐವತ್ತು ಗ್ರಾಮಿನ ಒಳಗೆ. ಬೆಲೆ ಹದಿನೈದು ಪೌಂಡಿನ ಆಸುಪಾಸು. 1985ರಲ್ಲಿ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಜಗತ್ತಿನ ನೂರು ಸುಂದರ ವಸ್ತುಗಳ ಪ್ರದರ್ಶನಕ್ಕೆ ಒಪಿನೆಲ್ಲನ್ನೂ ಆರಿಸಿತು. ಸರಿಯಾದ ಆಯ್ಕೆ.

ಆದರೆ ಅದೇ ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ಆ ಮ್ಯೂಸಿಯಮ್ಮಿನ ಮುಂದಿನ ರಸ್ತೆಯಲ್ಲಿ ಸುಮ್ಮನೆ ಅಡ್ಡಾಡಿದರೆ ಅಪರಾಧ. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಸೆಕ್ಷನ್ ಮಡಿಸುವ ಜೇಬುಚಾಕುವಿಗೆ ಮಾತ್ರ ರಿಯಾಯಿತಿ ಕೊಟ್ಟಿದೆ, ಅದೂ ಅಲಗಿನ ಹರಿತ ಮೂರಿಂಚು, ಅಂದರೆ 7.62 ಸೆಂಟಿಮೀಟರ್ ಮೀರದಿದ್ದರೆ. ಲಾಕ್ ಇದ್ದರೆ ಅಳತೆ ಎಷ್ಟೇ ಇರಲಿ, ರಿಯಾಯಿತಿ ಇಲ್ಲ. ಯಾವಾಗ ಬೇಕಾದರೂ ಬರೀ ಮಡಿಸುವುದರಿಂದಲೇ ಮುಚ್ಚಿಕೊಳ್ಳುವಂಥದ್ದು ಮಾತ್ರ ಮಡಿಸುವ ಚಾಕು ಎಂದು 1993ರ ಹ್ಯಾರಿಸ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಒಪಿನೆಲ್ಲಿಗೆ 1955ರಿಂದ ತಿರುಗಿಸುವ ಉಂಗುರದ ಲಾಕ್ ಬಂದಿದೆ. ಹಾಗಾಗಿ 8ನೇ ನಂಬರು ಎರಡು ಕಾರಣಕ್ಕೆ ಹೊರಗೆ. 6ನೇ ನಂಬರಿನ ಅಲಗು ಏಳು ಸೆಂಟಿಮೀಟರಿನ ಆಸುಪಾಸು, ಅಳತೆ ಸರಿಹೋಗುತ್ತದೆ. ಆದರೂ ಉಂಗುರ ಇರುವ ತನಕ ಅದೂ ಹೊರಗೇ. ಉಂಗುರ ಕಳಚಿ ಹಾಕಿ ಒಯ್ಯುವವರಿದ್ದಾರೆ. ಆಗ ಅಲಗು ನಿಲ್ಲುವುದು ಮರದ ಬಿಗಿಯಿಂದ ಮಾತ್ರ, ಲಂಡನ್ನಿನ ಜಿಟಿಜಿಟಿ ಮಳೆಗೆ ಮರ ಉಬ್ಬುತ್ತದೆ, ಹೀಟರಿನ ಬಿಸಿಗೆ ಒಣಗಿ ಸಡಿಲಾಗುತ್ತದೆ. ನನಗೆ ಅದು ಒಗ್ಗಲಿಲ್ಲ. ಹೌನ್ಸ್‌ಲೋದ ನನ್ನ ಅಲಾಟ್‌ಮೆಂಟಿನ (ಬಾಡಿಗೆ ತರಕಾರಿ ತೋಟದ) ಶೆಡ್ಡಿನಲ್ಲಿ 8ನೇ ನಂಬರು ಇದೆ, ಮೆಂತ್ಯದ ಸೊಪ್ಪು ಕೊಯ್ಯಲು, ಕುಂಬಳದ ತೊಟ್ಟು ಕತ್ತರಿಸಲು. ಅದು ಅಲ್ಲಿಂದ ಹೊರಗೆ ಬರುವುದಿಲ್ಲ.

ಜೇಬಿಗೆ ಬೇಕಾದ್ದು ಸ್ಲಿಪ್‌ಜಾಯಿಂಟ್. ಬೆನ್ನಿನ ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ, ಲಾಕ್ ಇರುವುದಿಲ್ಲ. ಲಾಕ್ ಇಲ್ಲದ ಚಾಕು ಬೆರಳು ಕತ್ತರಿಸುತ್ತದೆ ಎಂದು ಗೊಣಗುವವರು ಅಲಗಿನ ಬೆನ್ನಿನ ಮೇಲೆ ಭಾರ ಹಾಕುವವರು. ತೆಳ್ಳಗಿನ ಅಲಗನ್ನು ಎಳೆದು ಕೊಯ್ಯಬೇಕು, ಆಗ ಎದುರು ಒತ್ತಡ ಬಾಯಿಯ ಮೇಲೇ ಬೀಳುತ್ತದೆ, ಮಡಿಸಿಕೊಳ್ಳುವ ಮಾತೇ ಬರುವುದಿಲ್ಲ. ಅಲಗು ಮೂರಿಂಚಿಗೆ ನಿಂತ ಮೇಲೆ ದೊಡ್ಡದಾಗಬೇಕಾದ್ದು ಹಿಡಿ. ಅಂಗೈ ತುಂಬುವ ಹಿಡಿ, ಹತ್ತು ಸೆಂಟಿಮೀಟರಿನ ಹತ್ತಿರ ಇದ್ದರೆ ಉತ್ತಮ. ಸ್ಪೈಡರ್ಕೋದವರ ಯುಕೆ ಪೆನ್‌ನೈಫ್ ಈ ಕಾನೂನನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮಾಡಿದ್ದು. ಪ್ಲಾಸ್ಟಿಕ್ ಹಿಡಿಯದ್ದು ಐವತ್ತು ಗ್ರಾಮಿನ ಆಸುಪಾಸು, ಅಚ್ಚುಕಟ್ಟು, ಆದರೆ ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ವಿಕ್ಟೋರಿನಾಕ್ಸಿನ ಅಲ್ಯೂಮಿನಿಯಂ ಹಿಡಿಯ ಕ್ಯಾಡೆಟ್ ಹಗುರ, ಹಿಡಿ ಮಾತ್ರ ನನ್ನ ಕೈಗೆ ಗಿಡ್ಡ. ಶೆಫೀಲ್ಡಿನ ಲ್ಯಾಂಬ್‌ಫುಟ್ ನನ್ನ ಆಯ್ಕೆ. ಬಾಯಿ ಸೂಜಿ ಹಿಡಿದ ಹಾಗೆ ನೇರ, ಬೆನ್ನು ಮಾತ್ರ ತುದಿಗೆ ಬಾಗುತ್ತದೆ. ನೇರ ಬಾಯಿ ಇದ್ದರೆ ಮಾವಿನಹಣ್ಣಿನ ಕೆನ್ನೆ ಓಟೆಯ ಗುಂಟ ಒಂದೇ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ, ಮಸೆಯುವುದೂ ಸಲೀಸು.

ಅಂಗಡಿಯ ಗಾಜಿನ ಪೆಟ್ಟಿಗೆಗಳಲ್ಲಿ ಇವು ಮೂಲೆಯಲ್ಲಿರುತ್ತವೆ. ಮುಂದೆ ಮೆರೆಯುವುದು ಆ ಕಪ್ಪು ಅಲಗಿನವು, ಹಲ್ಲುಹಲ್ಲಿನವು, ಯುದ್ಧದ ಹೆಸರು ಹೊತ್ತವು. ಈ ಊರಿನಲ್ಲಿ ಹದಿನೈದು ಹದಿನಾರರ ಮಕ್ಕಳು ಚಾಕುವಿಗೆ ಸಿಕ್ಕಿ ಸಾಯುತ್ತಾರೆ. ಬಸ್ ಸ್ಟಾಪಿನ ಕಂಬಕ್ಕೆ ಕಟ್ಟಿದ ಹೂಗುಚ್ಛಗಳನ್ನು ದಾಟಿ ನಾವು ಕೆಲಸಕ್ಕೆ ಹೋಗುತ್ತೇವೆ. ಹೀಗಿರುವಾಗ ತರಕಾರಿ ಹೆಚ್ಚಲೂ ಬಾರದ, ಹೆದರಿಸಲೆಂದೇ ರೂಪಿಸಿದ ಉಕ್ಕನ್ನು ಮಾರುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅದನ್ನು ಹವ್ಯಾಸ ಎಂದು ಕರೆದು ಕೊಳ್ಳುವವರ ಮೇಲೂ ಬರುತ್ತದೆ. ಇವುಗಳಲ್ಲಿ ಝೋಂಬಿ ಮಾದರಿ ಎನ್ನುವ ಚಾಕುಗಳನ್ನು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಕ್ಕೂ 2024ರ ಸೆಪ್ಟೆಂಬರ್ 24ರಿಂದ ನಿಷೇಧ ಬಂತು. ಬಹಳ ತಡವಾಯಿತು. ಮೂರಿಂಚಿನ ಮಿತಿ ತಮ್ಮ ಸ್ವಾತಂತ್ರ್ಯಕ್ಕೆ ಕೊಡಲಿ ಪೆಟ್ಟು ಎಂದು ಕೂಗುವ ಹವ್ಯಾಸಿಗಳನ್ನು ನಾನು ಕೇಳುವುದು ಒಂದೇ: ಮೂರಿಂಚಿನ ತೆಳ್ಳಗಿನ ಅಲಗಿಗೆ ಆಗದ ಯಾವ ಕೆಲಸ ನಿಮಗೆ ಟ್ಯೂಬ್ ರೈಲಿನಲ್ಲಿದೆ?

ಮಸೆಯುವ ಮಾತಿಗೆ ಬರುತ್ತೇನೆ. ನೂರಾರು ಪೌಂಡಿನ ಸಾಣೆಯ ಸಲಕರಣೆ ಯಾರಿಗೂ ಬೇಡ. ಚಹಾದ ಪಿಂಗಾಣಿ ಮಗ್ಗನ್ನು ಬೋರಲು ಹಾಕಿ, ತಳದಲ್ಲಿ ಹೊಳಪು ಬಳಿಯದ ಒರಟು ಉಂಗುರವಿರುತ್ತದೆ. ಅದೇ ಸಾಣೆಕಲ್ಲು. ಕಷ್ಟ ಇರುವುದು ಕೋನ ಹಿಡಿಯುವುದರಲ್ಲಿ. ಅದಕ್ಕೆ ನನ್ನದೊಂದು ಉಪಾಯವಿದೆ. ಈಗಿನ ಹನ್ನೆರಡು ಮೂಲೆಯ ಒಂದು ಪೌಂಡಿನ ನಾಣ್ಯದ ದಪ್ಪ 2.8 ಮಿಲಿಮೀಟರ್. ಎರಡನ್ನು ಒಂದರ ಮೇಲೊಂದಿಟ್ಟು, ಅಲಗಿನ ಬೆನ್ನನ್ನು ಅದರ ಮೇಲೆ, ಬಾಯಿಯನ್ನು ಮೇಜಿನ ಮೇಲೆ ಊರಿ. ಎರಡು ಸೆಂಟಿಮೀಟರ್ ಅಗಲದ ಅಲಗಾದರೆ ಕೋನ ಹದಿನಾರು ಡಿಗ್ರಿಯ ಹತ್ತಿರ ಬರುತ್ತದೆ. ಅಲಗು ಕಿರಿದಾದರೆ ನಾಣ್ಯ ಒಂದೇ ಸಾಕು. ಆ ಓರೆಯನ್ನು ಮಣಿಕಟ್ಟು ನೆನಪಿಟ್ಟುಕೊಳ್ಳಲಿ. ಆಮೇಲೆ ಮಗ್ಗಿನ ಮೇಲೆ, ತೆಳ್ಳನೆಯ ಪದರವೊಂದನ್ನು ಹೆರೆಯುವವರಂತೆ, ಬಾಯಿಯನ್ನು ಮುಂದೆ ಮಾಡಿ ಎಳೆಯಿರಿ. ಒಂದು ಬದಿ ಆದಾಗ ಮತ್ತೊಂದು ಬದಿಯಲ್ಲಿ ಬೆರಳಿಗೆ ತರಿ ಹತ್ತುತ್ತದೆ. ಹತ್ತದಿದ್ದರೆ ಇನ್ನೂ ಆಗಿಲ್ಲವೆಂದೇ ಅರ್ಥ, ಬದಿ ಬದಲಿಸಬೇಡಿ. ಬಹುಪಾಲು ಜನ ಎಡವುವುದು ಇಲ್ಲೇ, ಆಚೆ ನಾಲ್ಕು ಈಚೆ ನಾಲ್ಕು ಎಂದು ಎಣಿಸಿಕೊಂಡು ಎಳೆಯುತ್ತಾರೆ. ಎರಡೂ ಕಡೆ ತರಿ ಎದ್ದ ಮೇಲೆ ಕೈ ಹಗುರ ಮಾಡಿ, ಕೊನೆಗೆ ಚರ್ಮದ ಬೆಲ್ಟಿನ ಒಳಮೈಗೆ ಬಾಯಿಯನ್ನು ಹಿಂದೆ ಮಾಡಿ ಒರೆಸಿದರೆ ತರಿ ಉದುರುತ್ತದೆ. ಟೊಮ್ಯಾಟೊ ಸಿಪ್ಪೆಯ ಮೇಲೆ ಅಲಗನ್ನು ಬರೀ ಅದರ ಭಾರಕ್ಕೆ ಬಿಟ್ಟು ಎಳೆದಾಗ ಇಳಿದರೆ ಹದ ಬಂತು.

ಮಗ್ಗಿನ ತಳಕ್ಕೆ ಬೇಗ ಬಗ್ಗುವುದು ಕಾರ್ಬನ್ ಉಕ್ಕು. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರೇರ್ಲಿ 1913ರಲ್ಲಿ ಕಂಡುಕೊಂಡದ್ದು ಶೆಫೀಲ್ಡಿನಲ್ಲೇ, ಆದರೂ ಅಲ್ಲಿಯ ಲ್ಯಾಂಬ್‌ಫುಟ್ಟುಗಳನ್ನು ಇಂದಿಗೂ ಕಾರ್ಬನ್ ಉಕ್ಕಿನಲ್ಲಿ ಮಾಡುವವರಿದ್ದಾರೆ. ಹೊಸತರಲ್ಲಿ ಅದು ಹುಳಿ ಹಣ್ಣಿಗೆ ಕಬ್ಬಿಣದ ವಾಸನೆ ಹತ್ತಿಸುತ್ತದೆ. ಮಾವಿನಕಾಯಿಯನ್ನು ಹೆಚ್ಚಿ ರಸವನ್ನು ಅಲಗಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಬೂದು, ಮೇಲೆ ನೀಲಿ, ಅಲ್ಲಲ್ಲಿ ನೇರಳೆ ಬಣ್ಣ ಕೂರುತ್ತದೆ, ಆಮೇಲೆ ವಾಸನೆಯೂ ಕಡಿಮೆ, ಕೆಂಪು ತುಕ್ಕೂ ಸುಲಭಕ್ಕೆ ಏಳುವುದಿಲ್ಲ. ಆ ಬಣ್ಣವನ್ನು ಲೋಹದ ಪಾಲಿಷ್ ಹಾಕಿ ತಿಕ್ಕಿ ತೆಗೆಯುವವರನ್ನು ಕಂಡರೆ ನನಗೆ ಸಂಕಟ.

ಒಂದು ಮಾತು ಎಣ್ಣೆಯ ಬಗ್ಗೆ. ನಮ್ಮವರು ಊರಿನ ಅಭ್ಯಾಸಕ್ಕೆ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಲಂಡನ್ನಿನಲ್ಲಿ ವರ್ಷದ ಬಹುಪಾಲು ಅದಕ್ಕಿಂತ ತಣ್ಣಗೇ ಇರುತ್ತದೆ. ಕೀಲು ಬಿಗಿದು, ಅಲಗು ತೆರೆಯಲು ಉಗುರು ಕಿತ್ತುಬರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹಾಕಿ, ಒಂದೇ ಹನಿ, ನಾಲ್ಕು ಸಲ ತೆರೆದು ಮುಚ್ಚಿ, ಹೊರಗೆ ಬಂದ ಕಪ್ಪನ್ನು ಬಟ್ಟೆಯಲ್ಲಿ ಒರೆಸಿ.