ಎದುರಿನವ ಏಳದಿದ್ದರೆ

ದೀಪಾವಳಿಗೆ ಗುತ್ತಲಕ್ಕೆ ಬಂದಿದ್ದ ಅಣ್ಣನ ಮಗ ಪಡಸಾಲೆಯಲ್ಲಿ ಎಲೆ ಹರಡಿಕೊಂಡು ಕೇಳಿದ ಪ್ರಶ್ನೆ ಹಬ್ಬ ಮುಗಿದರೂ ನನ್ನ ತಲೆಯಿಂದ ಇಳಿದಿಲ್ಲ. "ಕಾಕಾ, ನಾಲ್ಕು ಆಟೀನ್ ಕೂಡ್ಯಾವು. ಐದನೇದು ಬಂದ್ರ ನಾನೇ ರಾಜ. ಈಗ ಏರಸ್ಲೋ, ಸುಮ್ನ ಅವ ಇಟ್ಟಷ್ಟು ಇಟ್ಟು ಕೂಡ್ಲೋ?"

ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳಿಗೆಲ್ಲ ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಕಾಯ್ದೆ ತಂದು ಬೀಗ ಜಡಿದ ಮೇಲೆ ಅವನ ಪೋಕರ್ ಫೋನಿನಿಂದ ಇಳಿದು ನಮ್ಮ ಪಡಸಾಲೆಗೆ ಬಂದಿದೆ. ಪಣಕ್ಕೆ ಹುಣಸೆ ಬೀಜ. ನಮಗೆ ಗೊತ್ತಿದ್ದದ್ದು ಮೂರೆಲೆ, ರಮ್ಮಿ, ಅಂದರ್ ಬಾಹರ್. ರಮ್ಮಿಗೆ ಬುದ್ಧಿ ಬೇಕು ಎಂದು ಸುಪ್ರೀಂ ಕೋರ್ಟೇ 1968ರಲ್ಲಿ ಹೇಳಿಬಿಟ್ಟಿದೆ. ಅಂದರ್ ಬಾಹರ್‌ಗೆ ಬುದ್ಧಿ ಬೇಡ, ಜೀಪಿನ ಸದ್ದು ಕೇಳಿದರೆ ಓಡುವ ಕಾಲು ಗಟ್ಟಿ ಇದ್ದರೆ ಸಾಕು.

ಮೂರೆಲೆಯಲ್ಲಿ ಕೈಗೆ ಬಿದ್ದದ್ದೇ ಬಾಳು, ಮುಂದೆ ಬರುವುದು ಏನೂ ಇಲ್ಲ. ಪೋಕರ್ ಹಾಗಲ್ಲ. ಕೈಯಲ್ಲಿ ಎರಡೆಲೆ, ನೆಲದ ಮೇಲೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ತೆರೆಯುತ್ತದೆ. ಹುಡುಗನಿಗೆ ಲೆಕ್ಕ ಬಾಯಿಪಾಠ. ಕಂಡದ್ದು ಐದೆಲೆ, ಕಾಣದ್ದು 47. ಅದರಲ್ಲಿ ಆಟೀನ್ ಒಂಬತ್ತು. ಮುಂದಿನ ಎಲೆಗೇ ಬರುವ ಸಾಧ್ಯತೆ ಐದಕ್ಕೊಂದು. ಎರಡೂ ಎಲೆ ನೋಡುವಂತಾದರೆ ನೂರಕ್ಕೆ 35. ಅದರ ಜೊತೆಗೆ ಓಳಿ ಎರಡೂ ತುದಿಗೆ ಬೆಳೆಯುವಂತಿದ್ದರೆ ಕೆಲಸಕ್ಕೆ ಬರುವ ಎಲೆ 15, ಆಗ ನೂರಕ್ಕೆ 54. ಅಂದರೆ ಇನ್ನೂ ಏನೂ ಆಗದ ಕೈಯೇ ಎಷ್ಟೋ ಸಲ ಎದುರಿನವನ ಆದ ಕೈಗಿಂತ ಮೇಲು!

"ಅದಕ್ಕ ಏರಸ್ಬೇಕು ಕಾಕಾ," ಅಂದ. ಸುಮ್ಮನೆ ಕೂತರೆ ಗೆಲ್ಲುವುದಕ್ಕೆ ಒಂದೇ ದಾರಿ: ಎಲೆ ಬರಬೇಕು. ಏರಿಸಿದರೆ ಎರಡು ದಾರಿ: ಎಲೆ ಬರಬೇಕು, ಇಲ್ಲವೇ ಎದುರಿನವ ಹೆದರಿ ಎಲೆ ಮಗುಚಿ ಏಳಬೇಕು. ಹಾಗೆ ಎದ್ದರೆ ಐದನೇ ಆಟೀನ್ ಬರುವ ಗರಜೇ ಇಲ್ಲ.

ತೊಲೆಕಂಬಕ್ಕೆ ಒರಗಿ ಅಡಕೆ ಕತ್ತರಿಸುತ್ತಿದ್ದ ನಮ್ಮಣ್ಣ, ಇವನ ಅಪ್ಪ, ತಲೆ ಎತ್ತದೆ ಕೇಳಿದ: "ಎದುರಿನವ ಏಳದಿದ್ರ?"

ಹುಡುಗ ಅದಕ್ಕೂ ಏನೋ ಲೆಕ್ಕ ಹೇಳಿದ. ನನಗೆ ಅದು ಕೇಳಿಸಲಿಲ್ಲ, ನನ್ನ ಲಕ್ಷ್ಯ ಆಗಲೇ ಹೊಲಕ್ಕೆ ಹೋಗಿತ್ತು. ಚಿತ್ತಿ ಮಳೆ ಮುಗಿಯುವ ಹೊತ್ತು. ಬ್ಯಾಡಗಿ ಮೆಣಸಿನಗಿಡ ಹೂವು, ಎಳೆಗಾಯಿ ಹೊತ್ತು ನಿಂತಿರುತ್ತದೆ. ನಾಲ್ಕು ಆಟೀನ್ ಕೂಡಿದ ಕೈ ಅಂದರೆ ಅದೇ. ಬೀಜ, ಸಸಿ, ಕಳೆ, ಕೂಲಿ ಎಂದು ಸುರಿದದ್ದು ಸುರಿದಾಗಿದೆ, ಎದ್ದು ಹೋಗುವಂತಿಲ್ಲ. ತುದಿಯೆಲೆ ಮುಟುರುತ್ತಿದೆ. ಇನ್ನೊಂದು ಸಲ ಔಷಧಿ ಹೊಡೆಯಬೇಕೋ, ಇನ್ನೊಂದು ಚೀಲ ಗೊಬ್ಬರ ಹಾಕಬೇಕೋ, ಇದ್ದಷ್ಟರಲ್ಲೇ ಕಾಯಬೇಕೋ? ಅಣ್ಣ ಪ್ರತಿವರ್ಷ ಏರಿಸುತ್ತಾನೆ. ಆದರೆ ಅವನ ಎದುರಿಗೆ ಕೂತವರು ಯಾರು ನೋಡಿ: ಮೋಡ, ನುಸಿ, ಬಡ್ಡಿ, ಬ್ಯಾಡಗಿಯ ಖರೀದಿದಾರ. ಇವರಲ್ಲಿ ಹೆದರಿ ಎಲೆ ಮಗುಚುವವರು ಒಬ್ಬರಾದರೂ ಇದ್ದಾರೆಯೇ?

ನಮ್ಮ ಸೀಮೆಯಲ್ಲಿ ಮುಂದಿನ ಎಲೆ ಮೊದಲೇ ಹೇಳುವ ಏರ್ಪಾಡೂ ಇದೆ. ದೇವರಗುಡ್ಡದಲ್ಲಿ ನವರಾತ್ರಿಗೆ, ಹೊಳೆಯಾಚೆ ಮೈಲಾರದಲ್ಲಿ ಭಾರತ ಹುಣ್ಣಿಮೆ ಜಾತ್ರೆಗೆ, ಗೊರವಪ್ಪ ಬಿಲ್ಲೇರಿ 'ಸದ್ದಲೇ' ಎಂದು ಲಕ್ಷ ಜನರ ಬಾಯಿ ಮುಚ್ಚಿಸಿ, ಕಾರ್ಣಿಕದ ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಆ ಮಾತಿಗೆ ಊರು ತಲುಪುವುದರೊಳಗೆ ಮೂರು ಅರ್ಥ ಹುಟ್ಟಿರುತ್ತವೆ. ಒಕ್ಕಲಿಗ ಮಳೆ ಅನ್ನುತ್ತಾನೆ, ದಲಾಲಿ ದರ ಅನ್ನುತ್ತಾನೆ, ಟಿವಿಯವರು ಮುಖ್ಯಮಂತ್ರಿ ಬದಲಾಗುತ್ತಾರೆ ಅನ್ನುತ್ತಾರೆ. ಕಾರ್ಣಿಕದ ಮೇಲೆ ನನಗೆ ಭಕ್ತಿ ಇದೆ. ಗೊಬ್ಬರದಂಗಡಿ ಉದ್ರಿ ಚೀಟಿಗೆ ಮಾತ್ರ ಇಲ್ಲ.

ಮಳೆ ಎಂಬ ಎಲೆ ಚಲೋ ಬಿತ್ತು ಎನ್ನಿ, ಆಗ ಕೊನೆಯ ಎಲೆ ತೆರೆಯುವುದು ಬ್ಯಾಡಗಿಯಲ್ಲಿ. ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ, ಅಂಗಡಿ ಮುಂದೆಲ್ಲ ಕೆಂಪು ರಾಶಿ, ಹೊಕ್ಕವರಿಗೆಲ್ಲ ಸೀನು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು, ಆ ಬಣ್ಣ ತೆಗೆದು ದೇಶಾಂತರ ಕಳಿಸುತ್ತಾರೆ. ಖರೀದಿದಾರ ಬಂದು ಚೀಲದ ಬಾಯಿಗಲ್ಲ, ನಡುವಿಗೆ ಕೈ ಇಳಿಸುತ್ತಾನೆ. ಒಂದು ಮುಷ್ಟಿ ಹಿಡಿದು ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಗಲಗಲ ಅಂದರೆ ಒಣಗಿದೆ. ಮುದ್ದೆಯಾದರೆ ತೂಕಕ್ಕೆಂದು ನೀರು ಕುಡಿಸಿದ್ದಾರೆ. ರೈತನ ಕೈಲಿದ್ದ ಒಂದೇ ಒಂದು ಸೋಗು ಆ ಮುಷ್ಟಿಯಲ್ಲಿ ಬಯಲಾಗುತ್ತದೆ. ಮುಖದ ಮೇಲೆ ಏನೂ ತೋರಿಸದೆ ಮುಂದಿನ ರಾಶಿಗೆ ಹೋಗುತ್ತಾನೆ. ಪೋಕರ್ ಕಲಿಯಬೇಕಾದವರು ಇವನ ಹಿಂದೆ ಒಂದು ಸೋಮವಾರ ಅಡ್ಡಾಡಲಿ.

ಟೆಂಡರಿನಲ್ಲಿ ದರ ಬಿದ್ದ ಮೇಲೆ ಒಪ್ಪಬೇಕೋ, ಒಲ್ಲೆ ಎಂದು ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ? ಹಾಕುವುದೂ ಏರಿಸುವುದೇ: ಬಾಡಿಗೆ, ಹಮಾಲಿ, ರಸೀದಿಯ ಮೇಲೆ ಸಾಲ, ಅದಕ್ಕೆ ಬಡ್ಡಿ. ಪಕ್ಕದ ಹೊಲದವನೂ ಹಾಗೇ ಇಟ್ಟಿರುತ್ತಾನೆ. ಸ್ಟೋರೇಜ್ ತುಂಬಿದೆ ಎಂಬ ಸುದ್ದಿಯೇ ದರ ಇಳಿಸಲು ಸಾಕು. 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ, ಗಾಡಿಗಳಿಗೆ ಬೆಂಕಿ ಇಟ್ಟದ್ದನ್ನು ರಾಜ್ಯವೆಲ್ಲ ನೋಡಿತು. ಬೆಂಕಿ ಇಟ್ಟದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಏರಿಸಿ ಏರಿಸಿ ಯಾರೂ ಏಳದ ಮೇಲೆ ಆಟದ ಹಾಸನ್ನೇ ಕಿತ್ತೆಸೆಯುವ ಸಿಟ್ಟು ಎಲ್ಲಿಂದ ಬರುತ್ತದೆ ಎಂದು ನನಗೆ ತಿಳಿಯುತ್ತದೆ, ನೂರಕ್ಕೆ ಇಷ್ಟು ಎಂದು ಲೆಕ್ಕ ಹೇಳುವ ಹುಡುಗನಿಗೆ ತಿಳಿಯುವುದಿಲ್ಲ.

ಕಳೆದ ಫೆಬ್ರುವರಿಯಲ್ಲಿ ಅಣ್ಣನ ಜೊತೆ ನಾನೂ ಬ್ಯಾಡಗಿಗೆ ಹೋಗಿದ್ದೆ. ಬಿದ್ದ ದರ ಕೇಳಿ ಅಣ್ಣ ಒಲ್ಲೆ ಅಂದ.

ದಲಾಲಿ ನಕ್ಕ. "ಯಾಕ್ರೀ ಯಜಮಾನ್ರ, ಮುಂದಿನ ಗುರುವಾರ ಏನು ಬ್ಯಾರೆ ದೇವ್ರು ಬರ್ತಾನೇನು?"

"ಚೀಲಾ ಹೊಲಸ್ರಿ," ಅಂದ ಅಣ್ಣ.